ಮಧ್ಯಾಹ್ನ ಹನ್ನೆರಡರ ಜವಾಬು

ಈಶ್ವರಿ ಫ್ರಾನ್ಸಿಗೆ ಹೋಗಿ ಎರಡು ತಿಂಗಳಾಗಿತ್ತು. ಭಾಲ್ಕಿಯಲ್ಲಿ ಶಾಲೆಯ ಎದುರು ಪುಸ್ತಕದಂಗಡಿ ಇಟ್ಟಿದ್ದ ಶಿವರಾಜಪ್ಪನ ಮಗಳು ಅವಳು. ಕಲಬುರಗಿಯಲ್ಲಿ ಚಿತ್ರಕಲೆ ಓದಿ, ವಿದ್ಯಾರ್ಥಿವೇತನ ಪಡೆದು ಲಿಮೋಜ್ ಎಂಬ ಊರಿನ ಕಲಾಶಾಲೆ ಸೇರಿದ್ದಳು. ಜೂನಿನೊಳಗೆ ಫ್ರೆಂಚ್ ಪರೀಕ್ಷೆ ಪಾಸಾಗದಿದ್ದರೆ ಎರಡನೆಯ ವರ್ಷಕ್ಕೆ ಸೇರಿಸಿಕೊಳ್ಳುವುದಿಲ್ಲವೆಂದು ಮೊದಲ ದಿನವೇ ಹೇಳಿದ್ದರು. ಚಿತ್ರ ಅವಳಿಗೆ ಚಿಕ್ಕಂದಿನಿಂದ ಕೈಗೆ ಬಂದ ವಿದ್ಯೆ. ಭಾಷೆ ಮಾತ್ರ ಏನು ಮಾಡಿದರೂ ತಲೆಗೆ ಹತ್ತುತ್ತಿರಲಿಲ್ಲ.

ಬಟ್ಟೆ ಒಗೆಯುವ ಯಂತ್ರಗಳ ಅಂಗಡಿಯೊಂದರ ಮೇಲೆ, ಮೂರನೆಯ ಮಹಡಿಯಲ್ಲಿ ಅವಳ ಕೋಣೆ. ದಿನಾ ಬೆಳಿಗ್ಗೆ ಏಳೂವರೆಗೆ, ಹೊರಗೆ ಇನ್ನೂ ಕತ್ತಲಿರುವಾಗಲೇ, ಫ್ರೆಂಚ್ ಪಾಠದ ಪ್ರಶ್ನೆಗಳನ್ನು ಗಟ್ಟಿಯಾಗಿ ಓದುವಳು. ಆಮೇಲೆ ನದಿ ದಾಟಿ ಶಾಲೆಗೆ. ಮಧ್ಯಾಹ್ನದವರೆಗೆ ಎದುರು ಕೂತವರನ್ನು ಇದ್ದಿಲಿನಲ್ಲಿ ಬರೆಯುವುದು, ನಂತರ ಮದಾಮ್ ವಿದಾಲ್ ಅವರ ಫ್ರೆಂಚ್ ತರಗತಿ, ಸಂಜೆ ಕುಕ್ಕರಿನಲ್ಲಿ ಅನ್ನ ಬೇಳೆ, ಅದರ ಜೊತೆ ತಾಯಿ ಕಟ್ಟಿಕೊಟ್ಟ ಶೇಂಗಾ ಹಿಂಡಿ ಎಂಬ ಚಟ್ನಿಪುಡಿ. ಕೈಯ ಕಪ್ಪು ತೊಳೆದರೂ ಹೋಗದೆ ಅನ್ನಕ್ಕೆ ಹತ್ತುತ್ತಿತ್ತು.

ನವೆಂಬರಿನ ಒಂದು ದಿನ ಊಟದ ಬಿಡುವಿನಲ್ಲಿ ಕಾಕಾ ಓಂಪ್ರಕಾಶನ ಫೋನು ಬಂತು. ಔರಾದ ತಾಲೂಕಿನ ಎಕಂಬಾದಲ್ಲಿ ಅವನ ಬೇಸಾಯ. ಈಶ್ವರಿಯ ಆಯಿ, ಅಂದರೆ ಶಿವರಾಜಪ್ಪನ ತಾಯಿ ಗುಂಡಮ್ಮ, ಅವನ ಮನೆಯಲ್ಲೇ ಇದ್ದಳು.

"ಈಶೂ, ಆಯಿ ಏನೇನೋ ಮಾತಾಡ್ಲಾಕತ್ತಾಳವಾ. ಮರಾಠಿ ಅಲ್ಲ, ತೆಲುಗು ಅಲ್ಲ. ನಮ್ಮ ಓಣಿ ಧೊಂಡಿಬಾ ಬೊಂಬಾಯಿದಾಗ ಇಪ್ಪತ್ತು ವರ್ಷ ಇದ್ದಂವ, ಅವನಿಗೂ ತಿಳೀವಲ್ದು. ಫೋನಿನ್ಯಾಗ ರೆಕಾರ್ಡ ಮಾಡೀನಿ, ಕೇಳು."

ಕೋಳಿಗಳ ಸದ್ದಿನ ನಡುವೆ ಆಯಿಯ ದನಿ ಕೇಳಿಸಿತು. "ಇಸಿ." ಸ್ವಲ್ಪ ಹೊತ್ತು ಮೌನ. ಮತ್ತೆ, "ದಪ್ವಿ ಲೊಂತಾಂ."

ಈಶ್ವರಿಯ ಕೈಯಲ್ಲಿದ್ದ ಬ್ರೆಡ್ಡು ಅಲ್ಲೇ ಉಳಿಯಿತು. 'ನೀವು ಎಲ್ಲಿ ವಾಸಿಸುತ್ತೀರಿ? ಎಷ್ಟು ಕಾಲದಿಂದ?' ಆ ಬೆಳಿಗ್ಗೆ ಅವಳು ಓದಿದ್ದು ಆ ಎರಡು ಪ್ರಶ್ನೆ. ಆಯಿ ಫ್ರೆಂಚಿನಲ್ಲಿ ಹೇಳಿದ್ದು: 'ಇಲ್ಲಿ. ಬಹಳ ಕಾಲದಿಂದ.'

"ಕಾಕಾ, ಇದು ಎಷ್ಟು ಗಂಟೆಕ?"

"ಬರೋಬರಿ ಹನ್ನೆರಡಕ್ಕವಾ. ಹೆಸರುಕಾಳು ಹಸನ ಮಾಡ್ಕೋತ ಕುಂತಿದ್ಳು."

ಎಕಂಬಾದ ಹನ್ನೆರಡೆಂದರೆ ಲಿಮೋಜಿನ ಏಳೂವರೆ.

ಆಯಿಗೆ ತಾನು ಮಾತಾಡಿದ್ದೇ ಗೊತ್ತಿರಲಿಲ್ಲ. "ನಾ ಏನಂದೆ? ಸುಮ್ಮ ಕುಂತೀನಲ್ಲ," ಎನ್ನುವಳು. ಆದರೆ ದಿನಾ ಹನ್ನೆರಡಕ್ಕೆ ಅದೇ ಆಯಿತು, ಕಾಕಾ ರೆಕಾರ್ಡು ಮಾಡಿ ಕಳಿಸುತ್ತಿದ್ದ. ಮನೆಯ ಮಕ್ಕಳು ಮೊಬೈಲಿನಲ್ಲಿ ಏನಾದರೂ ಹಾಕಿ ಕಲಿಸಿರಬೇಕೆಂದು ಈಶ್ವರಿ ತನಗೆ ತಾನೇ ಸಮಾಧಾನ ಹೇಳಿಕೊಂಡಳು. ನಿಜ ತಿಳಿಯಲೆಂದು ಒಂದು ಬೆಳಿಗ್ಗೆ ಪುಸ್ತಕದಲ್ಲಿಲ್ಲದ ಪ್ರಶ್ನೆ ಕೇಳಿದಳು: ನಿಮ್ಮ ಗೋಡೆಯ ಬಣ್ಣ ಯಾವುದು?

ಆವತ್ತಿನ ಜವಾಬು ಉದ್ದವಾಗಿತ್ತು. ಅರ್ಥವಾಗದೆ, ಕೇಳಿಸಿದ್ದನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಂಡು ಮದಾಮ್ ವಿದಾಲ್ ಎದುರು ಓದಿದಳು. ಆಕೆ ನಿಧಾನವಾಗಿ ಬಿಡಿಸಿ ಹೇಳಿದರು: "ಹಸಿರು. ಕಿಟಕಿಯ ಮೇಲಿನ ಮೂಲೆ ಮಾತ್ರ ಹಳದಿ, ಅಲ್ಲಿ ನೀರು ಸೋರುತ್ತದೆ. ಎಷ್ಟು ಹೇಳಿದರೂ ರಿಪೇರಿ ಮಾಡಿಸಲಿಲ್ಲ." ಆಮೇಲೆ ಕೇಳಿದರು, "ಯಾರು ಹೇಳಿದ್ದು ಇದನ್ನು? ಈಗಿನವರು ಹೀಗೆ ಮಾತಾಡುವುದಿಲ್ಲ. ನನ್ನ ಅಜ್ಜಿ ಮಾತಾಡುತ್ತಿದ್ದಳು."

ಎಕಂಬಾದ ಮನೆಗೆ ನೀಲಿ ಸುಣ್ಣ. ಹಸಿರು ಗೋಡೆ, ಕಿಟಕಿಯ ಮೇಲೆ ಹಳದಿ ಕಲೆ ಇದ್ದದ್ದು ಈಶ್ವರಿಯ ಕೋಣೆಯಲ್ಲಿ. ಅದನ್ನು ಊರಲ್ಲಿ ಯಾರೂ ನೋಡಿರಲಿಲ್ಲ. ವಿಡಿಯೋ ಕಾಲ್ ಮಾಡುವಾಗ ಅವಳು ಯಾವಾಗಲೂ ಕಿಟಕಿಗೆ ಮುಖ ಮಾಡಿ ಕೂಡುತ್ತಿದ್ದಳು.

ಶಿವರಾಜಪ್ಪ ತಾಯಿಯನ್ನು ಬೀದರಿಗೆ ಕರೆದುಕೊಂಡು ಹೋಗಿ ಜಹೀರೋದ್ದೀನ ಡಾಕ್ಟರಿಗೆ ತೋರಿಸಿದ. ತಲೆಯ ಸ್ಕ್ಯಾನಿನಲ್ಲಿ ಏನೂ ಇರಲಿಲ್ಲ. ಡಾಕ್ಟರು ಹನ್ನೆರಡರವರೆಗೆ ಅವಳನ್ನು ತಮ್ಮ ಎದುರೇ ಕೂಡಿಸಿಕೊಂಡರು, ಕೊನೆವರೆಗೂ ಕೇಳಿದರು.

"ಶಿವರಾಜಪ್ಪನವರ, ಇದು ಬಡಬಡಿಕಿ ಅಲ್ರಿ. ನಡುನಡುವೆ ನಿಲ್ತಾರ, ಕಿವಿಗೊಟ್ಟು ಕೇಳ್ತಾರ, ಆಮ್ಯಾಲ ಮಾತಾಡ್ತಾರ. ಯಾರಿಗೋ ಜವಾಬ ಕೊಡ್ಲಾಕತ್ತಾರ್ರಿ ಇವರು."

ಇದನ್ನು ತಂದೆಯ ಬಾಯಲ್ಲಿ ಕೇಳಿದ ಮೇಲೆ ಈಶ್ವರಿ ಕೋಣೆಯಲ್ಲಿ ದೀಪ ಆರಿಸಿ ಮಲಗುವುದನ್ನು ಬಿಟ್ಟಳು. ಹಾಗೆಂದು ಓದು ಬಿಡುವಂತಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಮರುದಿನದ ಜವಾಬು ಏನಿದ್ದೀತೆಂಬ ಕುತೂಹಲವನ್ನೂ ಬಿಡಲಾಗಲಿಲ್ಲ.

ಜನವರಿಯಲ್ಲಿ ಭೂತಕಾಲದ ಪಾಠ ಬಂತು. 'ನೀವು ಏನು ಮಾಡಿದಿರಿ?' ಎಂದು ಹತ್ತು ಸಲ ಓದಿ, ಹೆದರಿಕೆಯಿಂದಲೇ ಶಾಲೆಗೆ ಹೋದಳು. ಮಧ್ಯಾಹ್ನ ಕಾಕಾ ಕಳಿಸಿದ ದನಿ ಬಂತು. ಮೂರೇ ಸಣ್ಣ ವಾಕ್ಯ. ಈ ಸಲ ಯಾರನ್ನೂ ಕೇಳಬೇಕಾಗಲಿಲ್ಲ.

'ನಾನು ಬಿದ್ದೆ. ಕೂಗಿದೆ. ಯಾರೂ ಬರಲಿಲ್ಲ.'

ಬಿಡಿ ಪದಗಳನ್ನು ಬಿಟ್ಟರೆ, ಅವಳು ಯಾರ ನೆರವಿಲ್ಲದೆ ಅರ್ಥ ಮಾಡಿಕೊಂಡ ಮೊದಲ ಫ್ರೆಂಚ್ ವಾಕ್ಯಗಳು ಅವು.

ಸಂಜೆ ಮನೆಯೊಡತಿಯ ಬಾಗಿಲು ತಟ್ಟಿ, ಗೊತ್ತಿದ್ದಷ್ಟು ಭಾಷೆಯಲ್ಲಿ, ಮೊದಲು ಆ ಕೋಣೆಯಲ್ಲಿ ಯಾರಿದ್ದರೆಂದು ಕೇಳಿದಳು. ಮನೆಯೊಡತಿ ಮುಖ ತಿರುಗಿಸಿದಳು, ಆಮೇಲೆ ಹೇಳಿದಳು. ಒದೀಲ್ ಎಂಬ ಹೆಂಗಸು, ಮೂವತ್ತು ವರ್ಷ ಬಾಡಿಗೆಗಿದ್ದಳು. ಪಿಂಗಾಣಿ ಕಾರ್ಖಾನೆಯಲ್ಲಿ ತಟ್ಟೆಗಳ ಮೇಲೆ ಹೂ ಬರೆಯುವ ಕೆಲಸ. ಹಿಂದಿನ ಚಳಿಗಾಲದಲ್ಲಿ ಬಿದ್ದು ಸೊಂಟ ಮುರಿಯಿತು. ಕೆಳಗಿನ ಯಂತ್ರಗಳ ಗದ್ದಲದಲ್ಲಿ ಕೂಗು ಯಾರಿಗೂ ಕೇಳಿಸಲಿಲ್ಲ. ನಾಲ್ಕನೆಯ ದಿನ ಬಾಗಿಲು ಒಡೆದರು.

ಅದೇ ವಾರ ಕಾಕಿಯ ಫೋನು. ದನಿಯಲ್ಲಿ ಅಳುವಿತ್ತು.

"ಆಯಿ ಉಣವಲ್ಳವಾ. ಮಾತು ಮುಗಿದ ಮ್ಯಾಲ ಬಾಯಿ ಒಣಗಿ ಸಂಜೀತನಕ ಹಂಗೇ ಬಿದ್ದಿರ್ತಾಳ. ನೀ ಓದಿದ್ದಕ್ಕೇ ಜವಾಬ ಕೊಡ್ತಾಳಂತ ನೀನೇ ಅಂದಿದ್ದಿ, ನಿನ್ನ ಓದಿನ ಸಂಗಟ ಏನೋ ಹತ್ತಿಕೊಂಡಾದ. ನೀನೇ ಏನರ ಮಾಡು."

ಮರುದಿನ ಏಳೂವರೆಗೆ ಈಶ್ವರಿ ಪುಸ್ತಕ ಮುಚ್ಚಿಟ್ಟಳು. ರಾತ್ರಿಯೆಲ್ಲ ಪದ ಹುಡುಕಿ ಜೋಡಿಸಿದ್ದ ಮಾತನ್ನು ಖಾಲಿ ಕೋಣೆಗೆ ಹೇಳಿದಳು. "ಅಮ್ಮಾ, ನನ್ನ ಅಜ್ಜಿಗೆ ವಯಸ್ಸಾಗಿದೆ. ಅವಳನ್ನು ಬಿಡಿ. ನೀವು ಕೂಗಿದ್ದು ನನಗೆ ಕೇಳಿಸಿದೆ." ಕೆಳಗೆ ಯಂತ್ರವೊಂದು ಗರಗರ ತಿರುಗಿ ನಿಂತಿತು. ಅಷ್ಟೇ.

ಆವತ್ತು ಹನ್ನೆರಡಕ್ಕೆ ಆಯಿ ಬಾಯಿ ಬಿಡಲಿಲ್ಲ. ಮರುದಿನವೂ ಇಲ್ಲ. ವಾರದಲ್ಲಿ ರೊಟ್ಟಿ ತಿನ್ನತೊಡಗಿದಳೆಂದು ಸುದ್ದಿ ಬಂತು. ಈಶ್ವರಿ ಮುಂದೆಂದೂ ಕೋಣೆಯಲ್ಲಿ ಗಟ್ಟಿಯಾಗಿ ಓದಲಿಲ್ಲ. ಚಳಿಯಲ್ಲಿ ಸೇತುವೆಯ ಮೇಲೆ ನಿಂತು ಓದಿದಳು. ಜೂನಿನಲ್ಲಿ ಪರೀಕ್ಷೆ ಪಾಸಾಯಿತು. ಸಹಪಾಠಿಯೊಬ್ಬಳ ಜೊತೆ ಬೇರೆ ಕೋಣೆ ಹಿಡಿಯುವುದೆಂದು ಮಾತಾಡಿಕೊಂಡಳು. ಕೋಣೆ ಬಿಡುವ ವಿಷಯವನ್ನು ಊರಲ್ಲಿ ಯಾರಿಗೂ ಹೇಳಲಿಲ್ಲ.

ರಜೆಗೆ ಬಂದವಳು ಭಾಲ್ಕಿಯಲ್ಲಿ ನಾಲ್ಕು ದಿನವಿದ್ದು ಬೀದರಿನಿಂದ ಔರಾದ ಬಸ್ಸು ಹತ್ತಿ ಎಕಂಬಾಕ್ಕೆ ಹೋದಳು. ಆಯಿ ಮೈ ತುಂಬಿಕೊಂಡಿದ್ದಳು. ಪಡಸಾಲೆಯಲ್ಲಿ ಮೊಮ್ಮಗಳನ್ನು ಬಗಲಿಗೆ ಕೂಡಿಸಿಕೊಂಡು ಊಟದ, ಚಳಿಯ ಮಾತೆಲ್ಲ ಕೇಳಿದಳು. ನಡುವೆ ಒಮ್ಮೆಲೇ ದನಿ ಇಳಿಸಿದಳು.

"ನೀ ಆ ಖೋಲಿ ಬಿಡ್ತಿ ಅಂತಲ್ಲ?"

ಈಶ್ವರಿ ಥಟ್ಟನೆ ಅವಳತ್ತ ತಿರುಗಿದಳು. "ಯಾರ್ ಅಂದ್ರು ನಿನಗ?"

"ಆಕೀನೇ ಅಂದ್ಳು. ಬಿಕ್ಕಿ ಬಿಕ್ಕಿ ಅಳ್ಲಾಕತ್ತಿದ್ಳು ಪಾಪ."

"ಆಯಿ, ಅದು ನಿಂತಿತ್ತಲ್ಲ! ನೀ ಮಾತಾಡೂದು ಬಿಟ್ಟಿದ್ದ್ಯಲ್ಲ!"

"ಬಾಯಿಲೆ ಆಡೂದು ಬಿಟ್ಟೀನಿ. ಮನಿಯವರು ಅಂಜ್ತಾರ, ನಿನ್ನ ಓದಿಗೂ ತ್ರಾಸ. ಈಗ ನಾವಿಬ್ರೂ ಒಳಗೊಳಗ ಮಾತಾಡ್ತೇವಿ. ಮೊದಲು ತಿಳೀತಿರಲಿಲ್ಲ, ಈಗ ಎಲ್ಲಾ ತಿಳೀತದ." ಆಯಿ ಅವಳ ಬೆರಳುಗಳನ್ನು ಸವರಿದಳು. "ನೀ ಬರ್ಯೂ ಚಿತ್ರ ಆಕಿಗಿ ಭಾಳ ಸೇರ್ತಾವಂತ. ನಿನಗ ಏನೂ ಮಾಡೂದಿಲ್ಲವಾ ಆಕಿ. ಮತ್ತ ಒಬ್ಬಾಕೀನೇ ಆಗ್ತೀನಂತ ಅಂಜಿಕಿ, ಅಷ್ಟೇ."

ಹೊರಗೆ ಕಣ್ಣು ಕುಕ್ಕುವ ಬಿಸಿಲು. ಕಾಕಿ ರೊಟ್ಟಿ ಬಡಿಯುವ ಸದ್ದು ಒಂದೇ ಸಮ ಕೇಳುತ್ತಿತ್ತು. ಆಯಿ ಗೋಡೆಗೊರಗಿ ಕಣ್ಣು ಮುಚ್ಚಿದಳು. ತುಟಿ ಅಲುಗಲಿಲ್ಲ. ಆದರೆ ಎದುರಿನವರ ಮಾತಿಗೆ ಹ್ಞೂಂಗುಟ್ಟುವವರ ಹಾಗೆ ತಲೆ ಸಣ್ಣಗೆ ಆಡುತ್ತಿತ್ತು.

ಈಶ್ವರಿ ಫೋನು ತೆಗೆದು, ಹೊಸ ಕೋಣೆ ತನಗೆ ಬೇಡವೆಂದು ಸಹಪಾಠಿಗೆ ಬರೆದಳು. ಕಳಿಸುವ ಮುಂಚೆ ಬೆರಳು ಒಮ್ಮೆ ತಡೆಯಿತು. ಕಳಿಸಿದಳು.

ಕಣ್ಣು ಮುಚ್ಚಿಕೊಂಡೇ ಆಯಿ ನಕ್ಕಳು.