ಕಪ್ಪೆ ಹಾರಿದ ತರಗತಿ

ಅವಳು ನೆಲ ಒರೆಸುವ ಬಟ್ಟೆಯನ್ನು ಬಕೆಟ್ಟಿನ ಮೇಲೆ ಹಿಂಡುತ್ತಿದ್ದಾಗ ಅಣ್ಣ ಬೂಟುಗಾಲಲ್ಲೇ ಒದ್ದೆ ನೆಲ ತುಳಿದು ಒಳಗೆ ಬಂದ.

"ಶಾಲೆಯ ದೊಡ್ಡ ಮೇಡಂ ಫೋನ್ ಮಾಡಿದ್ರು. ಸ್ಮಶಾನಕ್ಕೆ ಹೊರಡೋ ಮುಂಚೆ ಅಮ್ಮನ ಬಗ್ಗೆ ನಾಲ್ಕು ಮಾತಾಡ್ತಾರಂತೆ."

ಬಟ್ಟೆಯಲ್ಲಿ ನೀರು ಉಳಿದಿರಲಿಲ್ಲ. ಆದರೂ ಅವಳು ಮತ್ತೊಮ್ಮೆ ಹಿಂಡಿದಳು. "ಯಾವ ಮುಖ ಇಟ್ಕೊಂಡು ಬರ್ತಾಳಂತೆ?"

"ಮೆಲ್ಲಗೆ ಮಾತಾಡೇ. ನೀನೂ ಅಮ್ಮನ ಹಾಗೆ ಅದೇ ಶಾಲೇಲಿ ಟೀಚರು, ಕೆಲಸ ಇನ್ನೂ ಕಾಯಂ ಆಗಿಲ್ಲ. ಇವತ್ತೊಂದು ದಿನ ಬಾಯಿಗೆ ಬೀಗ ಹಾಕ್ಕೋ."

"ನೀನು ಮೊದಲು ಬೂಟು ಬಿಚ್ಚು."

ನಡುಮನೆಯಲ್ಲಿ ಅಮ್ಮನನ್ನು ಮಲಗಿಸಿದ್ದರು, ತಲೆಯ ಬಳಿ ದೀಪ ಉರಿಯುತ್ತಿತ್ತು. ಜೀವಮಾನದಲ್ಲಿ ಒಂದು ಪಾಠವನ್ನೂ ಕೂತು ಮಾಡದವಳು. ಬಾಗಿಲ ಬಳಿ ಬುಗುರಿ ನಿಂತಿದ್ದಳು. ನಿಂತಲ್ಲಿ ನಿಲ್ಲದ ಮೊಮ್ಮಗಳಿಗೆ ಅಜ್ಜಿಯೇ ಇಟ್ಟ ಅಡ್ಡಹೆಸರು ಅದು. ನಿನ್ನೆಯಿಂದ ಮಗು ಅಲುಗಾಡಿರಲಿಲ್ಲ.

"ಅಮ್ಮಾ, ಒಂದು ಕೇಳ್ಲಾ?"

"ಆಮೇಲೆ ಕಂದಾ. ಎಷ್ಟು ಸಲ ಹೇಳ್ಬೇಕು?"

ಜನ ಬರತೊಡಗಿದರು. ಪಕ್ಕದ ಮನೆಯ ದರ್ಜಿ ಗೋಡೆಗೊರಗಿ ಕೂತು ತನ್ನಷ್ಟಕ್ಕೆ ನಕ್ಕ. "ನಿಮ್ಮಮ್ಮ ಒಂದಿನ ಇಡೀ ಕ್ಲಾಸನ್ನ ನನ್ನಂಗಡಿಗೆ ನುಗ್ಗಿಸಿದ್ರಮ್ಮ, ನಾಮಪದ ಹುಡುಕೋಕೆ. ಕತ್ತರಿ ಮುಟ್ಟಿದ್ರು, ಗುಂಡಿ ಮುಟ್ಟಿದ್ರು. ಒಬ್ಬ ತರಲೆ ನನ್ನ ಹೊಟ್ಟೆ ಮುಟ್ಟಿ 'ದೊಡ್ಡದು' ಅಂದ. 'ಭೇಷ್, ಅದು ಗುಣವಾಚಕ' ಅಂತ ಬೆನ್ನು ತಟ್ಟಿದ್ರು ನಿಮ್ಮಮ್ಮ! ನಾನು ಮಶಿನ್ ನಿಲ್ಲಿಸಿ ಪಾಠ ಕೇಳಿದೆ."

ಅವಳಿಗೂ ನಗು ಬಂತು. ಬಕೆಟ್ಟನ್ನು ಬದಿಗೆ ತಳ್ಳಿದಳು. "ಅಂಥೋರನ್ನ ಒಂದು ವರ್ಷ ಉಗ್ರಾಣದಲ್ಲಿ ಸೀಮೆಸುಣ್ಣ ಹಂಚೋಕೆ ಕೂರಿಸಿದ್ರಲ್ಲ ಮಾವಾ."

ದರ್ಜಿ ತಲೆ ತಗ್ಗಿಸಿದ. "ಊರಿಗೇ ಗೊತ್ತಿತ್ತು. ಯಾರು ಕೇಳಿದ್ವಿ ಹೇಳು?"

*

ಅಮ್ಮನ ತರಗತಿಯಲ್ಲಿ ಪದ ಸಿಕ್ಕರೆ ಮಕ್ಕಳು ಮೊದಲು ಎದ್ದು ನಿಲ್ಲಬೇಕಿತ್ತು. ಮುಟ್ಟುವಂಥದ್ದಾದರೆ ಓಡಿ ಮುಟ್ಟಬೇಕು. ಮಾಡುವಂಥದ್ದಾದರೆ ಮಾಡಿ ತೋರಿಸಬೇಕು. ಗುಣವಾಚಕವಾದವನು ನಾಮಪದವಾದವನ ಹೆಗಲು ಹಿಡಿದು ಜೋತುಬೀಳಬೇಕು. ಸಂಜೆ ಮಕ್ಕಳು ಮನೆಗೆ ಹೋಗುವಾಗ ಮೈಯೆಲ್ಲ ಧೂಳು, ಬಾಯ್ತುಂಬ ವ್ಯಾಕರಣ.

ಹೋದ ವರ್ಷದ ಪರೀಕ್ಷೆಯ ದಿನ ಆ ಕೋಣೆಯ ಮೇಲ್ವಿಚಾರಣೆ ದೊಡ್ಡ ಮೇಡಂ ಅವರದು. ಎದುರು ಕೋಣೆಯಲ್ಲಿ ಟೀಚರಾಗಿದ್ದ ಮಗಳಿಗೆ ಕಿಟಕಿಯಿಂದ ಎಲ್ಲ ಕಾಣುತ್ತಿತ್ತು. 'ಕಪ್ಪೆ ಕೆರೆಗೆ ಹಾರಿತು. ಕ್ರಿಯಾಪದಕ್ಕೆ ಗೆರೆ ಎಳೆಯಿರಿ.' ಮೊದಲು ಎದ್ದವಳು ಬುಗುರಿ. ಬೆಂಚು ಬಿಟ್ಟು ಬಂದು ಕುಪ್ಪಳಿಸಿ ಹಾರಿದಳು, ಸಮಾಧಾನವಾಯಿತೇನೋ, ಕೂತು ಗೆರೆ ಎಳೆದಳು. ಹಿಂದಿನ ಬೆಂಚು ಎದ್ದಿತು. ಆಮೇಲೆ ಇಡೀ ಕೋಣೆಯೇ ಕಪ್ಪೆಗಳ ಕೆರೆ.

"ಸನ್ನೆ ಮಾಡಿ ಕಾಪಿ ಹೊಡೀತಿದಾರೆ!" ದೊಡ್ಡ ಮೇಡಂ ಉತ್ತರಪತ್ರಿಕೆಗಳನ್ನು ಕಿತ್ತುಕೊಂಡರು.

ಅಮ್ಮ ಓಡಿ ಬಂದಳು. "ಮಕ್ಕಳು ಯೋಚನೆ ಮಾಡ್ತಿದಾರೆ ಮೇಡಂ, ಅಷ್ಟೆ."

"ಯೋಚನೆ ತಲೇಲಿ ಮಾಡ್ತಾರೆ, ಕಾಲಲ್ಲಲ್ಲ."

ಮರುದಿನ ಅಮ್ಮನ ಕೈಗೆ ಉಗ್ರಾಣದ ಬೀಗದಕೈ ಬಂತು. ಯಾಕೆ ಎಂದು ಮಕ್ಕಳಿಗೆ ಯಾರೂ ಹೇಳಲಿಲ್ಲ. ಬುಗುರಿ ಕೇಳಿದರೆ ಅಜ್ಜಿ "ನಿನ್ನ ಜಡೆ ಬಿಚ್ಚಿದೆ, ಬಾ ಇಲ್ಲಿ" ಎಂದು ಮಾತು ಮರೆಸುತ್ತಿದ್ದಳು.

*

ಹನ್ನೊಂದಕ್ಕೆ ದೊಡ್ಡ ಮೇಡಂ ದೊಡ್ಡ ಹೂವಿನ ಹಾರದೊಡನೆ ಬಂದರು. ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು.

"ಇಂಥ ಶಿಕ್ಷಕಿ ಇನ್ನು ಹುಟ್ಟುವುದಿಲ್ಲ. ಆಟದ ಮೂಲಕ ಪಾಠ ಎಂಬುದನ್ನು ನಮ್ಮ ಶಾಲೆ ಸದಾ ಪ್ರೋತ್ಸಾಹಿಸಿದೆ."

ಅವಳು ಒಂದು ಹೆಜ್ಜೆ ಮುಂದಿಟ್ಟಳು. ಅಣ್ಣ ಮೊಣಕೈ ಹಿಡಿದುಕೊಂಡ.

"ವಯಸ್ಸಾಯಿತು, ವಿಶ್ರಾಂತಿ ಬೇಕು ಎಂದು ಅವರೇ ಕೇಳಿಕೊಂಡು ತರಗತಿ ಬಿಟ್ಟರು. ಇರಿ ಎಂದು ನಾವು ತುಂಬ ಒತ್ತಾಯ ಮಾಡಿದೆವು…"

"ಥೂ," ಎಂದಳು ಅವಳು.

"ಕಾಲಿಗೆ ಬೀಳ್ತೀನಿ, ಸುಮ್ನಿರು," ಅಣ್ಣ ಹಲ್ಲು ಕಡಿದು ಅವಳ ಕಿವಿಯಲ್ಲಿ ಪಿಸುಗುಟ್ಟಿದ. "ಕೆಲಸ ಕಳ್ಕೋತೀಯ."

ಅಷ್ಟರಲ್ಲಿ ಬುಗುರಿ ಕೂತವರ ಮಂಡಿಗಳ ನಡುವೆ ತೂರಿಕೊಂಡು ಮುಂದೆ ಹೋಗಿದ್ದಳು. ಅಜ್ಜಿಯ ಪಾದದ ಹತ್ತಿರ, ದೊಡ್ಡ ಮೇಡಂ ಎದುರಿಗೇ ನಿಂತಳು.

"ಏಯ್, ಬಾ ಈ ಕಡೆ," ಅಣ್ಣ ಕೈ ಚಾಚಿದ.

ಅವಳು ಅಣ್ಣನ ಕೈಯನ್ನು ತಳ್ಳಿದಳು. "ಬಿಡೋ. ಕೇಳಲಿ. ಕೇಳು ಕಂದಾ, ಎಲ್ಲರಿಗೂ ಕೇಳೋ ಹಾಗೆ ಕೇಳು."

ಬುಗುರಿ ಫ್ರಾಕನ್ನು ತೊಡೆಯ ಹತ್ತಿರ ಎರಡೂ ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದಿದ್ದಳು, ಕಾಲುಗಳು ತಾವಾಗಿ ಎಲ್ಲಿ ನೆಗೆದುಬಿಡುತ್ತವೋ ಎಂಬ ಹಾಗೆ.

"ಮೇಡಂ, ನಾನು ಮೊದಲು ಹಾರಿದ್ದಕ್ಕೇನಾ ನಮ್ಮಜ್ಜೀನ ಕ್ಲಾಸಿಂದ ತೆಗೆದಿದ್ದು?"