ಎರಡು ಬೆರಳಿನ ಪರೀಕ್ಷೆ

ಉಗುರಿನ ಸಂದಿಯ ಕಪ್ಪು ಹೋಗುತ್ತಲೇ ಇರಲಿಲ್ಲ. ಹಲ್ಲುಜ್ಜುವ ಹಳೆಯ ಬ್ರಶ್ಶನ್ನು ಸೋಪಿನ ಪುಡಿಯಲ್ಲಿ ಅದ್ದಿ, ಅಪ್ಪನ ಬಲಗೈಯನ್ನು ಮಡಿಲಲ್ಲಿಟ್ಟುಕೊಂಡು ಮಗಳು ಮತ್ತೆ ಉಜ್ಜಿದಳು. ಉಳಿದ ಮೈಯನ್ನು ಗಂಡಸರು ತೊಳೆದು, ಒಗೆದ ಬಟ್ಟೆ ಹಾಕಿ ಮುಗಿಸಿದ್ದರು. ಕೈ ಮಾತ್ರ ನನಗೆ ಬಿಡಿ ಎಂದು ಅವಳೇ ಹಟ ಹಿಡಿದಿದ್ದಳು.

"ಸಾಕು ಬಿಡೇ," ಎಂದಳು ಅತ್ತೆ, ಸತ್ತವನ ಅಕ್ಕ. "ಮದುವೆ ಫೋಟೋದಲ್ಲೂ ಆ ಉಗುರು ಹಾಗೇ ಇದೆ. ಇರ್ಲಿ, ದೇವರಿಗೆ ಗುರುತು ಸಿಗುತ್ತೆ."

ಮಗಳು ಅಂಗೈಯನ್ನು ಮೇಲೆ ಮಾಡಿದಳು. ತೋರುಬೆರಳು, ನಡುಬೆರಳುಗಳ ಮಡಿಕೆಯಲ್ಲಿದ್ದ ಜಡ್ಡು ಅವಳು ಚಿಕ್ಕಂದಿನಿಂದ ಕಂಡದ್ದೇ. ಆದರೆ ಉಂಗುರಬೆರಳು ಮತ್ತು ಕಿರುಬೆರಳುಗಳಲ್ಲಿ ಬೊಬ್ಬೆ ಎದ್ದು, ಒಡೆದು, ಅದರ ಮೇಲೇ ಇನ್ನೊಂದು ಎದ್ದು ಒಣಗಿತ್ತು.

"ಇದು ಯಾವಾಗ ಆಯ್ತು?" ಎಂದಳು. ಅತ್ತೆಗೆ ಗೊತ್ತಿರಲಿಲ್ಲ.

ಕಿಟಕಿಯಾಚೆ, ಅಂಗಳದಲ್ಲಿ, ಬಾಡಿಗೆ ಕುರ್ಚಿಗಳ ಮೇಲೆ ಗಂಡಸರು ಕೂತಿದ್ದರು. ಗೋಡೆಗೆ ಒರಗಿಸಿದ್ದ ಅಪ್ಪನ ಹಳೆಯ ಬೈಕಿನ ಹ್ಯಾಂಡಲೂ ಮುಂದಿನ ಚಕ್ರವೂ ಲಾರಿಗೆ ಗುದ್ದಿ ಸೊಟ್ಟಗಾಗಿದ್ದವು. ಅಪ್ಪನ ಬ್ರೇಕ್ ರಿಪೇರಿ ಶೆಡ್ಡಿನ ಎದುರಲ್ಲೇ ಅಂಗಡಿ ಇಟ್ಟಿದ್ದ ಪೇಂಟರ್ ಬೈಕಿನ ಪಕ್ಕ ನಿಂತು ಮಾತಾಡುತ್ತಿದ್ದ.

"ನಾನೇ ಒತ್ತಿ ನೋಡ್ದೆ ಕಣ್ರೀ. ಬ್ರೇಕು ಕಲ್ಲು, ಕಲ್ಲು. ಒಂದು ಹನಿ ಎಣ್ಣೆ ಸೋರಿಲ್ಲ. ಲಾರಿ ಏನು ಹಾರ್ಕೊಂಡು ಬಂತಾ? ಹಿಂದಕ್ಕೆ ಬರ್ತಿತ್ತು, ನಿಧಾನಕ್ಕೆ. ಎಂಥವನೂ ನಿಲ್ಲಿಸ್ತಿದ್ದ. ಮೇಸ್ತ್ರಿಗೆ ಕಣ್ಣು ಮಂಜಾಗಿತ್ತು, ಒಪ್ಕೊಳ್ತಿರ್ಲಿಲ್ಲ ಅಷ್ಟೆ."

"ಊರೋರ ಗಾಡಿನೆಲ್ಲ ನಿಲ್ಲಿಸಿದೋನು, ತಾನು ನಿಲ್ಲಲಿಲ್ಲ ನೋಡು," ಎಂದ ಇನ್ನೊಬ್ಬ. ಯಾರೋ ನಕ್ಕು, ನಗುವನ್ನು ಕೆಮ್ಮಿನಲ್ಲಿ ಅಡಗಿಸಿದರು.

ಮಗಳು ಬ್ರಶ್ಶು ಕೆಳಗಿಟ್ಟು ಬಾಗಿಲಿಗೆ ಬಂದಳು. ಹೊಸ್ತಿಲಲ್ಲಿ ಮಾವ ಕೂತಿದ್ದ. ತೀರಿಹೋದ ಅಮ್ಮನ ತಮ್ಮ. ಅದೇ ಶೆಡ್ಡಿನಲ್ಲಿ ವೆಲ್ಡಿಂಗ್ ಅವನದು.

"ಮಾವ, ನನ್ನ ಸೂಜಿಗೆ ದಾರ ಪೋಣಿಸಿ ಕೊಡ್ತಿದ್ದಿದ್ದೇ ಅಪ್ಪ. ಅವರ ಕಣ್ಣಿಗೇನಾಗಿತ್ತು? ನೀವಾದ್ರೂ ಅವರಿಗೆ ಹೇಳಿ."

ಮಾವ ತನ್ನ ಚಪ್ಪಲಿ ನೋಡುತ್ತ ಕೂತ. "ವಯಸ್ಸು ಕಣಮ್ಮ. ವಯಸ್ಸಾಗಿತ್ತು ಅವನಿಗೆ," ಎಂದ.

ಹೊರಗಿನವರು ಆಡಿದ್ದು ಚುಚ್ಚಿತ್ತು, ಇದು ಕೊಯ್ದಿತು.

*

ಅಪ್ಪ ಇದ್ದ ದಿನಗಳಲ್ಲಿ, ಶೆಡ್ಡಿನ ಮುಂಭಾಗದಲ್ಲಿ ಅವಳು ಗಾಡಿಗಳ ಸೀಟಿಗೆ ಕವರ್ ಹೊಲಿಯುತ್ತಿದ್ದಳು. ಹಿಂಭಾಗದಲ್ಲಿ ಅಪ್ಪ ಬ್ರೇಕು ಬಿಚ್ಚುತ್ತಿದ್ದ. "ಕೂರೋ ಸುಖ ನಿಂದು, ನಿಲ್ಲೋ ಚಿಂತೆ ನಂದು," ಎನ್ನುತ್ತಿದ್ದ.

ಅವನ ಬೈಕು ಅವಳಿಗಿಂತ ಹಳೆಯದು. ಅದರ ಮುಂದಿನ ಡ್ರಮ್ ಬ್ರೇಕು ಸವೆದಾಗ ಡಿಸ್ಕಿಗೆ ಬದಲಾಯಿಸುವೆನೆಂದು ಹೊರಟು, ಗುಜರಿಗಳನ್ನೆಲ್ಲ ಜಾಲಾಡಿದ್ದ. ಚಕ್ರದ ಬಳಿ ಡಿಸ್ಕನ್ನು ಕಚ್ಚುವ ಕ್ಯಾಲಿಪರ್ ಬೇಗ ಸಿಕ್ಕಿತು. ಅದಕ್ಕೆ ಹೊಂದುವ, ಹ್ಯಾಂಡಲಿನಿಂದ ಎಣ್ಣೆ ತಳ್ಳುವ ಮಾಸ್ಟರ್ ಸಿಲಿಂಡರಿಗೆ ಎಷ್ಟೋ ಕಾಲ ಕಾದ. ಕೊನೆಗೆ ಸಿಕ್ಕಿದ್ದು ಪುಟ್ಟದು, ಬಣ್ಣ ಕಿತ್ತದ್ದು; ಅದನ್ನೇ ಕೂರಿಸಿದ.

ಆ ಪುಟ್ಟದ್ದನ್ನು ಕಂಡಾಗಲೆಲ್ಲ, ಇಷ್ಟು ಚಿಕ್ಕದು ಗಾಡಿ ನಿಲ್ಲಿಸೀತೇ ಎಂದು ಮಗಳು ಹೆದರುತ್ತಿದ್ದಳು. ರಸ್ತೆಯಲ್ಲಿ ಲಾರಿಗಳು, ಅಪ್ಪನ ತಲೆಯಲ್ಲಿ ನರೆ. ಒಂದು ದಿನ ಭಾರೀ ಬೈಕಿನ ಹೊಚ್ಚ ಹೊಸ ಸಿಲಿಂಡರ್ ತಂದು ಅವನ ಕೈಲಿಟ್ಟಳು.

ಅಪ್ಪ ಅದರ ಬಾಯಿಗೆ ಹೆಬ್ಬೆರಳು ಇಟ್ಟು ಅಗಲ ಅಳೆದ.

"ದೊಡ್ಡದಲ್ವಾ ಅಪ್ಪ, ಇದಾದ್ರೆ ಗಟ್ಟಿಯಾಗಿ ಹಿಡಿಯುತ್ತೆ."

"ಹೂಂ. ದೊಡ್ಡದು."

"ಭಾವ, ಅದು ಇದಕ್ಕೆ..." ಎಂದು ಮಾವ ಬಾಯಿ ತೆಗೆದ.

"ಸ್ಪ್ಯಾನರ್ ಕೊಡು," ಎಂದ ಅಪ್ಪ.

ಸಂಜೆಗೆ ಕೂರಿಸಿ ಆಗಿತ್ತು. ಅವಳು ಬ್ರೇಕಿನ ಲಿವರ್ ಒತ್ತಿ ನೋಡಿದಳು, ಅಲ್ಲಾಡಲಿಲ್ಲ. "ಕಲ್ಲಿದ್ದ ಹಾಗಿದೆ," ಎಂದು ಹಿಗ್ಗಿದಳು. ಅಪ್ಪ ಹೆಗಲ ಬಟ್ಟೆಯಿಂದ ಅದನ್ನು ಒರೆಸಿ, ಇನ್ನಷ್ಟು ಹೊಳೆಯುವಂತೆ ಮಾಡಿದ.

*

ವಿದ್ಯುತ್ ಚಿತಾಗಾರದ ಒಲೆಯ ಕಬ್ಬಿಣದ ಬಾಗಿಲ ಮುಂದೆ ಕೊನೆಯ ಸಲ ಮುಟ್ಟಿ ಎಂದರು. ಅತ್ತೆ ಹಣೆ ಮುಟ್ಟಿದಳು. ಮಗಳು ಬಲಗೈಯನ್ನೇ ಮುಟ್ಟಿದಳು. ಆ ಕಿರುಬೆರಳಿನ ಒರಟು ತಾಕಿ ಅವಳ ಬೆರಳು ಅಲ್ಲೇ ನಿಂತಿತು.

ಮನಸ್ಸಿಗೆ ಬಂದದ್ದು ಅಪ್ಪ ಯಾವನೋ ಗಿರಾಕಿಯನ್ನು ಬೈದ ಮಾತು. ಹೊಲಿಗೆ ಯಂತ್ರದ ಸದ್ದಿನಲ್ಲಿ ಅವಳು ಅರ್ಧಂಬರ್ಧ ಕೇಳಿದ್ದಳು. "ಗಟ್ಟಿ ಇದ್ದ ಮಾತ್ರಕ್ಕೆ ಬ್ರೇಕು ಆಗ್ಬಿಡುತ್ತೇನಯ್ಯ? ಸಣ್ಣ ಸಿರಿಂಜ್ ಒತ್ತು, ಮದ್ದು ಚಿಮ್ಮುತ್ತೆ. ದಪ್ಪದ್ದು ಒತ್ತು, ಬೆರಳಿಗೆ ಭಾರ, ಮದ್ದಿಗೆ ಜೋರಿಲ್ಲ. ಮೇಲೆ ಹ್ಯಾಂಡಲಿಂದು, ಕೆಳಗೆ ಚಕ್ರದ್ದು ಹೊಂದ್ಬೇಕು. ಎರಡು ಬೆರಳಲ್ಲಿ ಹಿಡಿ, ನಾನು ಚಕ್ರ ಎಳೀತೀನಿ. ತಿರುಗಿದ್ರೆ ಗಾಡಿ ಶೆಡ್ ದಾಟಲ್ಲ."

ಅವನ ಶೆಡ್ಡಿನ ಕಟ್ಟಳೆ ಅದು. ಯಾರ ಗಾಡಿಗೂ ರಿಯಾಯಿತಿ ಇರಲಿಲ್ಲ.

ಬಾಗಿಲು ತೆರೆಯಿತು, ಮುಚ್ಚಿತು.

*

ಮನೆಗೆ ಬಂದವಳು ಒಳಗೆ ಹೋಗಲಿಲ್ಲ. ಬೈಕಿನ ಬಳಿ ನಿಂತಳು. ಹೊಳೆಯುವ ಸಿಲಿಂಡರಿಗೆ ಒಂದು ಗೀರೂ ಬಿದ್ದಿರಲಿಲ್ಲ. ಮಾವ ಹಿಂದೆಯೇ ಬಂದ.

"ಇದು ಹೊಂದಲ್ಲ ಅಂತ ನಿಮಗೆ ಗೊತ್ತಿತ್ತು," ಎಂದಳು.

ಮಾವ ಸಿಲಿಂಡರಿನಿಂದ ಮುಖ ತಿರುಗಿಸಿದ. "ಮಗು ಹೆದರ್ಕೊಂಡಿದೆ, ಇದು ಹಾಕಿದ್ರೆ ರಾತ್ರಿ ನಿದ್ದೆ ಮಾಡುತ್ತೆ ಅಂದ ನಿಮ್ಮಪ್ಪ. ನಿಧಾನಕ್ಕೆ ಓಡಿಸ್ತೀನಿ ಅಂದ. ನಾನು ಬಾಯಿ ತೆಗೆದಾಗ್ಲೆಲ್ಲ ಸ್ಪ್ಯಾನರ್ ಕೇಳ್ತಿದ್ದ ಕಣಮ್ಮ."

ಅಂಗಳದಲ್ಲಿ ಕುರ್ಚಿಗಳನ್ನು ಮಡಿಚುತ್ತಿದ್ದರು. ಪೇಂಟರ್ ಹೊಸದಾಗಿ ಬಂದ ಯಾರಿಗೋ ಮೊದಲಿಂದ ಹೇಳುತ್ತಿದ್ದ: "ಕಣ್ಣು ಕಾಣದೇ ಇದ್ಮೇಲೆ ಬ್ರೇಕು ಏನ್ಮಾಡುತ್ತೆ..."

"ಪೇಂಟರ್ ಅಣ್ಣ, ಸ್ವಲ್ಪ ಬನ್ನಿ," ಎಂದಳು ಮಗಳು.

"ಬೇಡಮ್ಮ," ಎಂದು ಮಾವ ಪಿಸುಗುಟ್ಟಿದ. "ವಯಸ್ಸಾಗಿತ್ತು ಅಂತ ಇರ್ಲಿ. ಅವನಿಗಿನ್ನು ಏನು ತಾಕುತ್ತೆ. ನೀನು ಬದುಕ್ಬೇಕು ಇಲ್ಲಿ."

ಅವಳು ಬೈಕನ್ನು ಸ್ಟ್ಯಾಂಡಿಗೆ ಹಾಕಿದಳು. ಮಾವ ಅವಳ ಮುಖ ನೋಡಿದ. ಮರದ ದಿಮ್ಮಿಯೊಂದನ್ನು ತಂದು ಎಂಜಿನ್ನಿನ ಅಡಿಗೆ ತಳ್ಳಿದ. ಮುಂದಿನ ಚಕ್ರ ನೆಲ ಬಿಟ್ಟು ಎದ್ದಿತು. ಕುರ್ಚಿ ಮಡಿಚುತ್ತಿದ್ದವರೂ ಹತ್ತಿರ ಬಂದರು.

"ಎರಡು ಬೆರಳಲ್ಲಿ ಹಿಡೀರಿ," ಎಂದಳು.

ಪೇಂಟರ್ ನಕ್ಕ. "ಅಪ್ಪನ ಪರೀಕ್ಷೆ ನನಗೇ ಕೊಡ್ತೀಯಾ? ಕಲ್ಲು ಅಂತ ಆಗ್ಲೇ ಹೇಳಿದ್ನಲ್ಲ." ಎರಡು ಬೆರಳಲ್ಲಿ ಲಿವರ್ ಒತ್ತಿದ.

ಅವಳು ಮಂಡಿಯೂರಿ ಎರಡೂ ಕೈಯಿಂದ ಟಯರನ್ನು ಎಳೆದಳು. ಚಕ್ರ ಜರುಗಿತು.

ಅವನ ನಗು ಹೋಯಿತು. ಮೂರನೆಯ ಬೆರಳು ಹಾಕಿದ. ಅವಳು ಎಳೆದಳು, ಮತ್ತೆ ಜರುಗಿತು.

"ಯಾರು ಕೂರಿಸಿದ್ದು ಈ ಸಿಲಿಂಡರ್ನ?" ಎಂದ, ಹ್ಯಾಂಡಲಿನ ದಪ್ಪ ಸಿಲಿಂಡರನ್ನು ಈಗಷ್ಟೇ ಕಂಡವನಂತೆ, ದನಿ ತಗ್ಗಿಸಿ. "ಮೇಸ್ತ್ರಿ ಇಂಥದ್ದನ್ನ ಶೆಡ್ಡಿನೊಳಗೇ ಬಿಟ್ಕೊಳ್ತಿರ್ಲಿಲ್ಲ."

"ತಂದಿದ್ದು ನಾನು," ಎಂದಳು ಮಗಳು. "ಬಿಡಬೇಡಿ, ಹಿಡೀರಿ."

ಪೇಂಟರ್ ಕಿರುಬೆರಳನ್ನೂ ಸೇರಿಸಿ, ಹಲ್ಲು ಕಚ್ಚಿ ಹಿಡಿದ. ಅವನ ನಾಲ್ಕೂ ಬೆರಳ ಗಂಟುಗಳು ಬೆಳ್ಳಗಾದವು. ಅವಳ ಕೈಯೊಳಗೆ ಚಕ್ರ, ಸೊಟ್ಟಗಾದ ಕಡೆ ಸರ್‍ರೆಂದು ಉಜ್ಜಿಕೊಳ್ಳುತ್ತ, ತಿರುಗುತ್ತಲೇ ಇತ್ತು.