ತಪ್ಪಿಲ್ಲದ ಮೂರು ವಾರ

ಪರದೆಯ ಮೇಲಿನ ಲೆಕ್ಕದ ಹಾಳೆಯಲ್ಲಿದ್ದ ಏಳರ ಅಂಕಿಯನ್ನು ಟೀಚರ್ ಎರಡು ಬೆರಳಿನಿಂದ ಹಿಗ್ಗಿಸಿ ಹಿಗ್ಗಿಸಿ ಅಂಗೈಯಗಲ ಮಾಡಿದಳು. ನಡುವಿಗೆ ಅಡ್ಡಗೆರೆ ಇತ್ತು. ಅಂದರೆ ಬರೆದ ಕೈ ನರ್ಸಮ್ಮನದೇ. ತಲೆ ಯಾರದು ಎನ್ನುವುದಷ್ಟೇ ಪ್ರಶ್ನೆ.

“ಅಕ್ಕಾ, ಆ ಏಳು ನಿನಗೇನು ಮಾಡ್ತು ಪಾಪ? ಪೊಲೀಸರ ಥರ ಹಿಡ್ಕೊಂಡು ಕೂತಿದೀಯ,” ಎಂದ ತಮ್ಮ, ಬಾಗಿಲಿಗೆ ಒರಗಿ ಟೀ ಹೀರುತ್ತಾ. ಆಫೀಸಿಗೆ ಹೋಗುವ ದಾರಿಯಲ್ಲಿ ದಿನವೂ ಟೀಗೆ ಬಂದು ಹೋಗುವುದು ಅವನ ರೂಢಿ.

“ಮೂರು ವಾರದಿಂದ ನರ್ಸಮ್ಮ ಒಂದೂ ತಪ್ಪು ಮಾಡಿಲ್ಲ ಕಣೋ.”

“ಒಳ್ಳೇದೇ ಅಲ್ವಾ? ನಿನ್ನ ಪಾಠ ಹತ್ತಿದೆ ಅಂತ.”

“ಒಂದೂ ಇಲ್ಲ ಅಂದ್ರೆ ಪಾಠ ಹತ್ತಿಲ್ಲ. ಇನ್ನೇನೋ ಹತ್ತಿದೆ.”

ತಮ್ಮ ಅರ್ಧ ಟೀ ಬಿಟ್ಟು, ಹೊತ್ತಾಯಿತು ಎಂದು ಹೊರಟ. ಅರ್ಧ ಟೀ ಬಿಡುವ ಜಾತಿಯವನಲ್ಲ ಅವನು. ಬೇರೆ ದಿನವಾಗಿದ್ದರೆ ಟೀಚರ್ ಅದನ್ನು ಗಮನಿಸುತ್ತಿದ್ದಳು. ಇವತ್ತು ಅವಳ ಗಮನವೆಲ್ಲ ಆ ಏಳಿನ ಮೇಲಿತ್ತು.

ಅಡುಗೆಮನೆಯ ಪಕ್ಕದ ಸಾಮಾನು ಕೋಣೆಯೇ ಅವಳ ಶಾಲೆ. ಒಂದು ಕಡೆ ವಾಷಿಂಗ್ ಮೆಷಿನ್, ಇನ್ನೊಂದು ಕಡೆ ಹೊದಿಕೆಗಳ ರಾಶಿ. ಕ್ಯಾಮೆರಾಕ್ಕೆ ಕಾಣುವಷ್ಟು ಅಗಲಕ್ಕೆ ಮಾತ್ರ ನೀಲಿ ಬಟ್ಟೆಯೊಂದನ್ನು ತಮ್ಮ ಕಟ್ಟಿಕೊಟ್ಟಿದ್ದ. ವರ್ಷದ ಹಿಂದೆ ಹೈಸ್ಕೂಲಿನ ಕೆಲಸ ಬಿಟ್ಟು ಬಂದವಳು, ಲೆಕ್ಕವೆಂದರೆ ಬೆವರುವ ದೊಡ್ಡವರಿಗೆ ಇಲ್ಲಿ ಕೂತು ಆನ್‌ಲೈನ್ ಪಾಠ ಹೇಳುತ್ತಿದ್ದಳು. ಬಡ್ತಿ ಪರೀಕ್ಷೆ ಬರೆಯಬೇಕಾದ ನರ್ಸು, ಬಸ್ ಕಂಡಕ್ಟರು, ಬಟ್ಟೆಯ ಅಳತೆಯಲ್ಲಿ ಎಡವುವ ಟೈಲರು, ಹೀಗೆ ಹದಿನಾಲ್ಕು ಜನ. ಹಳೆಯ ಶಾಲೆಯ ಹೆಡ್‌ಮಿಸ್ ಒಳ್ಳೆಯವರು. ಮುಂದಿನ ವರ್ಷದ ತರಗತಿ ಶುರುವಾಗುವ ತನಕ ನಿನ್ನ ಜಾಗ ಹಿಡಿದಿಟ್ಟಿರುತ್ತೇನೆ, ಆಮೇಲೆ ನನ್ನ ಕೈಯಲ್ಲಿಲ್ಲ ಎಂದಿದ್ದರು. ಅಷ್ಟರೊಳಗೆ ಮೂವತ್ತು ಜನ ಆದರೆ ಈ ಕೋಣೆ. ಆಗದಿದ್ದರೆ ಮತ್ತೆ ಅರವತ್ತು ಮಕ್ಕಳ ಗದ್ದಲ, ಸೀಮೆಸುಣ್ಣ, ಗಂಟಲು ನೋವು. ಮನೆಯಲ್ಲಿ ಎಲ್ಲರೂ ಕೂತು ಒಪ್ಪಿಕೊಂಡಿದ್ದ ಮಾತು ಅದು.

ಮೂವತ್ತು ಮಾಡುವುದು ಹೇಗೆ ಎಂದು ಎರಡು ತಿಂಗಳ ಹಿಂದೆ ಊಟದ ಮೇಜಿನ ಮುಂದೆ ಸಭೆಯೇ ನಡೆದಿತ್ತು. ಜಾಹೀರಾತು ಕಂಪನಿಯೊಂದರಲ್ಲಿ ಕರಪತ್ರ ಬರೆಯುವ ತಮ್ಮ, ಹಳೆಯ ಲಕೋಟೆಯ ಬೆನ್ನಿಗೆ ಉಪಾಯಗಳನ್ನು ಗೀಚಿದ. ಮೊದಲ ವಾರ ಪುಕ್ಕಟೆ ಕಲಿಸೋಣ ಎಂದ. ಎರಡನೆಯ ವಾರ ಒಬ್ಬರೂ ಇರಲ್ಲ ಎಂದಳು. ಹಳಬರೆಲ್ಲ ಒಬ್ಬೊಬ್ಬ ಸ್ನೇಹಿತರನ್ನು ಕರೆತರಲಿ ಎಂದ. ನನಗೆ ಲೆಕ್ಕ ಬರಲ್ಲ, ಬಾ ನೀನೂ ಸೇರು ಅಂತ ಯಾರು ಸ್ನೇಹಿತರ ಹತ್ತಿರ ಹೇಳಿಕೊಳ್ಳುತ್ತಾರೆ ಎಂದಳು. ಕಚೇರಿಗಳಿಗೆ ಪತ್ರ ಬರೆಯುವುದು ಅವಳದೇ ಉಪಾಯ. ಹನ್ನೊಂದು ಪತ್ರ ಬರೆದೂ ಆಗಿತ್ತು, ಒಂದಕ್ಕೂ ಉತ್ತರವಿರಲಿಲ್ಲ. ಕೊನೆಗೆ ಉಳಿದದ್ದು ವಿಡಿಯೋ.

“ಅರ್ಧ ನಿಮಿಷದ್ದು, ಅಕ್ಕ. ಜನ ಪಾಠ ನೋಡಲ್ಲ, ನಗು ಬರೋದನ್ನ ನೋಡ್ತಾರೆ.”

“ನನ್ನ ಮುಖ ನೋಡಿ ಯಾರೂ ನಗಲ್ಲ.”

“ನಕ್ಕರೆ ಬೆಂಚಿನ ಮೇಲೆ ನಿಲ್ಲಿಸ್ತಾಳೆ ಅಂತ ಹೆದರಿಕೆ,” ಎಂದರು ಬಟಾಣಿ ಸುಲಿಯುತ್ತಿದ್ದ ಅತ್ತೆ.

“ನಿನ್ನ ಮುಖ ಬೇಡ ಬಿಡು. ನಾನು ನೋಡ್ಕೋತೀನಿ. ನಿನ್ನ ಪಾಠದ ಫೈಲುಗಳ ಪಾಸ್‌ವರ್ಡ್ ಕೊಡು ಸಾಕು.”

ಕೊಟ್ಟಳು. “ಏನಾದ್ರೂ ಮಾಡ್ಕೋ. ನನ್ನ ಕೇಳಬೇಡ, ನನಗೆ ಪಾಠ ಇದೆ,” ಎಂದೂ ಸೇರಿಸಿದಳು.

ಅವಳ ಪಾಠಕ್ಕೆ ಒಂದು ಕಟ್ಟುನಿಟ್ಟು ಇತ್ತು. ಪ್ರತಿಯೊಬ್ಬರೂ ಒಂದು ತಪ್ಪಿನ ಪುಸ್ತಕ ಇಡಬೇಕು, ಲೆಕ್ಕವನ್ನೆಲ್ಲ ಅದರಲ್ಲೇ ಮಾಡಬೇಕು. ಅದಕ್ಕೆ ರಬ್ಬರ್ ಮುಟ್ಟಿಸುವಂತಿಲ್ಲ, ಅದರ ಹಾಳೆ ಹರಿಯುವಂತಿಲ್ಲ. ಲೆಕ್ಕ ತಪ್ಪಾದರೆ ಓದಲು ಬರುವ ಹಾಗೆ ಒಂದೇ ಗೆರೆ ಎಳೆದು, ಫೋಟೋ ತೆಗೆದು ಕಳಿಸಬೇಕು. “ಸರಿ ಉತ್ತರ ಎಲ್ಲರದೂ ಒಂದೇ ಇರತ್ತೆ. ನಿಮ್ಮ ತಲೆ ಎಲ್ಲಿ ದಾರಿ ಬಿಡತ್ತೆ ಅಂತ ಆ ತಪ್ಪು ನೋಡಿದ್ರೇ ನನಗೆ ಗೊತ್ತಾಗೋದು. ನೀವು, ನಾನು, ಇಬ್ಬರೇ ನೋಡೋದು,” ಎಂದು ಸೇರಿದ ದಿನವೇ ಹೇಳಿಬಿಡುತ್ತಿದ್ದಳು. ತಪ್ಪು ಕಂಡರೆ ಸಾಕು, ಅದು ಯಾರದೆಂದು ಹೇಳಬಲ್ಲಳು. ಕಂಡಕ್ಟರ್ ಚಿಲ್ಲರೆ ಇಲ್ಲ ಎನ್ನುವವನಂತೆ ಕೊನೆಯ ಅಂಕಿಯನ್ನು ನುಂಗಿಬಿಡುತ್ತಿದ್ದ. ನರ್ಸಮ್ಮ ಗಂಟೆಯ ಲೆಕ್ಕವನ್ನು ನಿಮಿಷಕ್ಕೆ ಇಳಿಸುವಾಗ ಭಾಗಿಸಬೇಕಾದಲ್ಲಿ ಗುಣಿಸುತ್ತಿದ್ದಳು. ಪ್ರತಿ ಸಲವೂ, ನಿಯತ್ತಾಗಿ.

ಅಂಥ ನರ್ಸಮ್ಮನ ಹಾಳೆಗಳು ಈಗ ತೊಳೆದಿಟ್ಟ ತಟ್ಟೆಯ ಹಾಗೆ ಬರುತ್ತಿದ್ದವು. ಟೈಲರನದೂ ಹಾಗೇ. ಕಂಡಕ್ಟರ್ ಕಳಿಸುವುದನ್ನೇ ನಿಲ್ಲಿಸಿದ್ದ. ಅದೇ ಮೂರು ವಾರದಲ್ಲಿ ಹೊಸಬರು ಒಬ್ಬರ ಹಿಂದೆ ಒಬ್ಬರು ಸೇರಿ, ಹದಿನಾಲ್ಕು ಇದ್ದದ್ದು ಇಪ್ಪತ್ತಾರಾಗಿತ್ತು. ಟೀಚರಿಗೆ ಗುಮಾನಿ ಹತ್ತಿತು. ಫೋಟೋ ತೋರಿಸಿದರೆ ಲೆಕ್ಕ ಬಿಡಿಸಿಕೊಡುವ ಆ್ಯಪ್ ಇರಬೇಕು. ಇಲ್ಲ, ನರ್ಸಮ್ಮನ ಮಗ ಮಾಡಿಕೊಡುತ್ತಿರಬೇಕು. ಅದೂ ಇಲ್ಲ, ಬೇರೆ ಕೋಚಿಂಗಿನವರು ಯಾರೋ ಹೊಸಬರ ವೇಷದಲ್ಲಿ ನುಗ್ಗಿ ಹಳಬರ ಕಿವಿ ಊದುತ್ತಿರಬೇಕು. ಹಾಳೆಗಳನ್ನು ಅಕ್ಕಪಕ್ಕ ಇಟ್ಟು ನೋಡಿದಳು. ಯಾರು ಎಷ್ಟು ಹೊತ್ತಿಗೆ ಕಳಿಸುತ್ತಾರೆಂದು ಬರೆದುಕೊಂಡಳು. ಕ್ಯಾಮೆರಾ ಆಫ್ ಮಾಡಿ ಕೂರುವವರ ಪಟ್ಟಿ ಮಾಡಿದಳು. ಹೊಸಬರು ಏನು ನೋಡಿ ಬಂದರು ಎಂದು ಮಾತ್ರ ಒಬ್ಬರನ್ನೂ ಕೇಳಲಿಲ್ಲ. ಬರುತ್ತಿದ್ದಾರಲ್ಲ, ಸಾಕು ಎನಿಸಿತ್ತು.

ಗುರುವಾರದ ಪಾಠದಲ್ಲಿ ತಡೆಯಲಾಗಲಿಲ್ಲ.

“ನರ್ಸಮ್ಮ, ಈ ಲೆಕ್ಕ ಈಗಲೇ ಮಾಡಿ. ಎಲ್ಲರಿಗೂ ಕಾಣೋ ಹಾಗೆ.”

ಸುಲಭದ ಲೆಕ್ಕ. ಇಷ್ಟು ದೊಡ್ಡ ಟ್ಯಾಂಕು ಆರು ಗಂಟೆಯಲ್ಲಿ ಖಾಲಿಯಾದರೆ ನಿಮಿಷಕ್ಕೆ ಎಷ್ಟು ನೀರು ಹೋಯಿತು. ಪರದೆಯಲ್ಲಿ ನರ್ಸಮ್ಮನ ಚೌಕ ಕಪ್ಪಾಗಿತ್ತು. ಒಳಗಿನಿಂದ ಫ್ಯಾನಿನ ಸದ್ದು ಮಾತ್ರ ಬರುತ್ತಿತ್ತು.

“ಟೀಚರ್, ಆಮೇಲೆ ಮಾಡಿ ಕಳಿಸ್ತೀನಿ.”

“ಆಮೇಲೆ ಯಾಕೆ? ಮೂರು ವಾರದಿಂದ ಒಂದೂ ತಪ್ಪು ಮಾಡದೇ ಇರೋರಿಗೆ ಇದ್ಯಾವ ಲೆಕ್ಕ? ಮನೇಲಿ ಯಾರು ಮಾಡಿಕೊಡ್ತಾರೆ?”

“ಯಾರೂ ಇಲ್ಲ. ಬೇರೆ ಹಾಳೇಲಿ ಮಾಡಿ, ಸರಿ ಆದ್ಮೇಲೆ ಪುಸ್ತಕದಲ್ಲಿ ಬರೀತೀನಿ.”

“ಆ ಬೇರೆ ಹಾಳೆ ತೋರಿಸಿ ನೋಡೋಣ.”

“ಹರಿದು ಹಾಕ್ದೆ.”

“ಹರಿಯೋ ಅಂಥದ್ದು ಏನಿತ್ತು ಅದರಲ್ಲಿ? ಒಳ್ಳೆ ಕದ್ದ ಮಾಲು ಬಚ್ಚಿಟ್ಟ ಹಾಗೆ ಮಾತಾಡ್ತೀರಲ್ಲ!”

ಎಲ್ಲರೂ ಕೇಳಿಸಿಕೊಂಡರು. ಹೊಸಬರಲ್ಲೊಬ್ಬ ಕಿಸಕ್ಕನೆ ನಕ್ಕ. ಕಪ್ಪು ಚೌಕ ಒಂದು ಗಳಿಗೆ ಅಲ್ಲೇ ಇತ್ತು, ಆಮೇಲೆ ಇರಲಿಲ್ಲ. ಉಳಿದ ಚೌಕಗಳು ಸರಿದು ಆ ಜಾಗವನ್ನು ತುಂಬಿಕೊಂಡವು.

ಮರುದಿನ ಬೆಳಿಗ್ಗೆ ಅತ್ತೆ ಅಡುಗೆಮನೆಯ ಸ್ಟೂಲಿನ ಮೇಲೆ ಕೂತು, ಫೋನ್ ನೋಡುತ್ತಾ, ಕಣ್ಣಲ್ಲಿ ನೀರು ಬರುವಂತೆ ನಗುತ್ತಿದ್ದರು.

“ಬಾರೇ ಇಲ್ಲಿ, ನೋಡಿದ್ರೆ ನೀನೂ ನಗ್ತೀಯ. ನಿಮಿಷಕ್ಕೆ ಏಳೂವರೆ ಲೀಟರ್ ಡ್ರಿಪ್ ಅಂತೆ! ರೋಗಿ ಮಂಚದ ಸಮೇತ ತೇಲಿ ಹೋಗ್ತಾನೆ.”

ಟೀಚರ್ ಬಗ್ಗಿ ನೋಡಿದಳು. ಒಂದೇ ಗೆರೆ ಎಳೆದ ಲೆಕ್ಕ. ಸಾವಿರ ಮಿಲಿಲೀಟರ್, ಎಂಟು ಗಂಟೆ, ಗಂಟೆಗೆ ನೂರಿಪ್ಪತ್ತೈದು ಎಂಬಲ್ಲಿಯವರೆಗೆ ಸರಿಯಾಗಿತ್ತು. ಅದನ್ನು ಅರವತ್ತರಿಂದ ಭಾಗಿಸುವ ಬದಲು ಗುಣಿಸಿ 7500 ಎಂದು ಬರೆದಿತ್ತು. ಏಳಿನ ನಡುವಿಗೆ ಅಡ್ಡಗೆರೆ. ಕಣ್ಣು ಹೊರಬಂದ ಬೊಂಬೆಯೊಂದು ಅದರ ಸುತ್ತ ಕುಣಿಯುತ್ತಿತ್ತು. ಮೇಲೆ ದಪ್ಪ ಅಕ್ಷರದಲ್ಲಿ, “ಇವರ ಕೈಗೆ ನಿಮ್ಮ ಡ್ರಿಪ್ ಕೊಡ್ತೀರಾ?” ಕೊನೆಗೆ, “ಲೆಕ್ಕದ ಭಯಕ್ಕೆ ನಮ್ಮಲ್ಲಿ ಮದ್ದಿದೆ.” ಅದರ ಕೆಳಗೆ ಅವಳದೇ ಫೋನ್ ನಂಬರು. ಎರಡು ಲಕ್ಷಕ್ಕೂ ಹೆಚ್ಚು ಜನ ನೋಡಿದ್ದರು. ಹಾಕಿ ಮೂರು ವಾರವಾಗಿತ್ತು.

ಬೆರಳು ಜಾರಿಸಿದಳು. ಮುಂದಿನದು ಕಂಡಕ್ಟರನ ಲೆಕ್ಕ. ಅದರ ಮುಂದಿನದು ಟೈಲರನದು.

“ಇದು ನಿನ್ನ ನಂಬರಲ್ವೇನೇ?” ಎಂದರು ಅತ್ತೆ. ಅವರ ನಗು ಅರ್ಧಕ್ಕೇ ನಿಂತಿತ್ತು.

ತಮ್ಮ ಎಂದಿನಂತೆ ಟೀಗೆ ಬಂದವನು ಅಕ್ಕನ ಕೈಯಲ್ಲಿದ್ದ ಫೋನ್ ನೋಡಿ ಚಪ್ಪಲಿ ಬಿಡುವುದನ್ನೇ ಮರೆತ.

“ಹೆಸರು ಹಾಕಿಲ್ಲ ಅಲ್ವಾ ಅಕ್ಕ? ಮುಖ ಇಲ್ಲ, ಊರಿಲ್ಲ. ಬರೀ ಕೈಬರಹ ನೋಡಿ ಯಾರಿಗೆ ಗೊತ್ತಾಗತ್ತೆ?”

“ಅವರ ವಾರ್ಡಲ್ಲಿ ಪ್ರತಿ ಮಂಚಕ್ಕೂ ಅದೇ ಕೈಬರಹದ ಚಾರ್ಟ್ ನೇತಾಡತ್ತೆ ಕಣೋ, ಕತ್ತೆ!”

ಇದು ತಮ್ಮನಿಗೆ ಹೊಳೆದಿರಲೇ ಇಲ್ಲ. ಆದರೂ ಸೋಲಲು ಮನಸ್ಸಿಲ್ಲ. “ಏನಾದ್ರೂ ಮಾಡ್ಕೋ, ಕೇಳಬೇಡ ಅಂದಿದ್ದು ನೀನೇ ತಾನೆ? ಹನ್ನೆರಡು ಜನ ಆಕಾಶದಿಂದ ಉದುರಿದ್ರು ಅಂದ್ಕೊಂಡ್ಯಾ?”

ಟೀಚರ್ ಫೋನನ್ನು ಅತ್ತೆಯ ಕೈಗೆ ಕೊಟ್ಟಳು.

“ಎಲ್ಲ ತೆಗಿ. ಈಗಲೇ.”

“ತೆಗೆದ್ರೆ ಮೂವತ್ತು ಆಗಲ್ಲ ಅಕ್ಕ. ಇನ್ನು ನಾಲ್ಕೇ ಜನ. ಒಂದು ವಾರ ಬಿಟ್ಟು…”

“ನನ್ನ ಕಣ್ಣೆದುರಿಗೇ ತೆಗಿ.”

ಮಧ್ಯಾಹ್ನ ಎರಡು ಗಂಟೆಗೆ ಆಸ್ಪತ್ರೆಯಲ್ಲಿ ಪಾಳಿ ಬದಲಾಗುವ ಹೊತ್ತಿಗೆ ಟೀಚರ್ ಕಾರಿಡಾರಿನ ಬೆಂಚಿನ ಮೇಲೆ ಕೂತಿದ್ದಳು. ಒಂದು ವರ್ಷ ಪಾಠ ಮಾಡಿದ್ದರೂ ನರ್ಸಮ್ಮನನ್ನು ಮುಖಾಮುಖಿ ನೋಡುತ್ತಿರುವುದು ಇದೇ ಮೊದಲು. ಪರದೆಯಲ್ಲಿ ಕಂಡದ್ದಕ್ಕಿಂತ ಕುಳ್ಳು, ಬಿಳಿ ಶೂಗಳ ಹಿಮ್ಮಡಿ ಒಂದೇ ಕಡೆಗೆ ಸವೆದಿತ್ತು. ಅವಳು ಹತ್ತಿರ ಬಂದು ನಿಂತಳು. ಟೀಚರ್ ಜಾಗ ಬಿಟ್ಟುಕೊಟ್ಟ ಮೇಲೆ, ಬೆಂಚಿನ ಆ ತುದಿಯಲ್ಲಿ ಕೂತಳು.

“ನನಗೆ ಗೊತ್ತಿರಲಿಲ್ಲ ನರ್ಸಮ್ಮ. ನನ್ನ ತಮ್ಮ ಮಾಡಿದ್ದು. ಎಲ್ಲ ತೆಗೆಸಿದೀನಿ.”

“ಇಲ್ಲಿರೋರೆಲ್ಲ ಆಗಲೇ ತಂತಮ್ಮ ಫೋನಲ್ಲಿ ಇಟ್ಕೊಂಡಿದಾರೆ. ನನ್ನ ಹೆಸರು ಈಗ ಏಳೂವರೆ ಲೀಟರ್. ನಾನು ಡ್ರಿಪ್ ಹಾಕಿದ್ರೆ ಇನ್ನೊಬ್ಬರು ನೋಡಿ ಸೈನ್ ಹಾಕ್ಬೇಕು. ಹದಿನೇಳು ವರ್ಷದಿಂದ ಹಾಕ್ತಿದೀನಿ, ಟೀಚರ್. ಎಷ್ಟು ಬಿಡ್ಬೇಕು ಅಂತ ಕೈಗೆ ಗೊತ್ತು. ಹಾಳೆ ಮೇಲೆ ಬರೆಯೋಕೆ ಕೂತ್ರೆ ಮಾತ್ರ ತಲೆ ಕೆಟ್ಟು ಹೋಗತ್ತೆ. ಅದಕ್ಕೇ ಅಲ್ವಾ ನಿಮ್ಮ ಹತ್ರ ಬಂದಿದ್ದು?”

“ಮೂರು ವಾರ ಯಾಕೆ ಏನೂ ಹೇಳಲಿಲ್ಲ ನನಗೆ?”

“ನೀವೇ ಹಾಕಿಸಿದ್ದಾ ಅಂತ ಕೇಳಿದಾಗ ನೀವು ಹೌದು ಅಂದುಬಿಟ್ರೆ? ನಿಮಗೆ ಗೊತ್ತಿರಲ್ಲ ಅಂತ ನಾನೇ ಅಂದ್ಕೊಂಡೆ. ಪರೀಕ್ಷೆ ತನಕ ಹಾಗೇ ತಳ್ಳೋಣ, ತಪ್ಪು ಮಾತ್ರ ಯಾರ ಕೈಗೂ ಕೊಡೋದು ಬೇಡ ಅಂತ ಇದ್ದೆ. ನಿನ್ನೆ ಅಷ್ಟು ಜನರ ಮುಂದೆ ಕದ್ದ ಮಾಲು ಅಂದ್ರಲ್ಲ, ಅಲ್ಲಿಗೆ ಮುಗೀತು.”

ಟೀಚರ್ ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದಳು. “ಪರೀಕ್ಷೆ ತನಕ ನಿಮಗೊಬ್ಬರಿಗೇ ಬೇರೆ ಪಾಠ. ಫೀಸು ಬೇಡ. ಪುಸ್ತಕ ಬೇಡ, ಫೋಟೋ ಬೇಡ. ನಾನೇ ನಿಮ್ಮ ಮನೆಗೆ ಬರ್ತೀನಿ. ನಿಮ್ಮ ಮೇಲಿನವರ ಹತ್ರಾನೂ ಮಾತಾಡ್ತೀನಿ, ತಪ್ಪು ನಂದು ಅಂತ.”

ನರ್ಸಮ್ಮ ಪೂರ್ತಿ ಕೇಳಿಸಿಕೊಂಡಳು. ಅವಳ ಕಣ್ಣು ಮಾತ್ರ ಬೆಂಚಿನ ಮೇಲೆ, ಇಬ್ಬರ ನಡುವೆ ಇದ್ದ ಟೀಚರ ಫೋನಿನ ಮೇಲಿತ್ತು.

“ಅದು ಆಫ್ ಆಗಿದ್ಯಾ?”

ಟೀಚರ್ ಫೋನ್ ಎತ್ತಿ ಕಪ್ಪು ಪರದೆ ತೋರಿಸಿದಳು. ಅದು ಸಾಲಲಿಲ್ಲ. ನರ್ಸಮ್ಮ ಅದನ್ನು ತನ್ನ ಕೈಗೆ ತೆಗೆದುಕೊಂಡು, ಬಟನ್ ಒತ್ತಿ ನೋಡಿ, ಖಾತ್ರಿ ಮಾಡಿಕೊಂಡು, ಮಗುಚಿ ಇಟ್ಟಳು.

“ಸೋಮವಾರ ಶುರು ಮಾಡೋಣ,” ಎಂದಳು ಟೀಚರ್. “ಒಂದೇ ಒಂದು ಪಾಠ. ಸರಿ ಹೋಗಲಿಲ್ಲ ಅಂದ್ರೆ ಬಿಟ್ಬಿಡಿ.”

“ಬೇಡ.”

“ಪರೀಕ್ಷೆಗೆ ಒಂದೂವರೆ ತಿಂಗಳಿದೆ. ಈಗ ಯಾರ ಹತ್ರ ಕಲೀತೀರಿ?”

“ಯಾರ ಹತ್ರಾನಾದ್ರೂ ಕಲೀತೀನಿ. ಇಲ್ಲಾಂದ್ರೆ ಫೇಲಾಗ್ತೀನಿ.” ನರ್ಸಮ್ಮ ಎದ್ದು ನಿಂತಳು. “ನಿಮ್ಮ ಹತ್ರ ಬರಲ್ಲ.”